ಕಣ್ಣಿಗೆ ಕಂಡ ಹಾಡು

ಹಾಡು ಕಿವಿಯ ಸೊತ್ತು, ಚಿತ್ರ ಕಣ್ಣಿನ ಸೊತ್ತು ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಬಿಡುವಿನ ವೇಳೆಯಲ್ಲಿ ಮರದ ನೆರಳಲ್ಲಿ ಕುಳಿತ ನಮ್ಮ ಗೆಳೆಯರ ಮಾತನ್ನು ಗಮನಿಸಿರಿ. “ಈ ಹಾಡು ಕೇಳಿದೆಯಾ?” ಎಂದು ಯಾರೂ ಕೇಳುವುದಿಲ್ಲ, “ಈ ಹಾಡು ನೋಡಿದೆಯಾ?” ಎಂದೇ ಕೇಳುತ್ತಾರೆ. ಒಂದು ಕ್ರಿಯಾಪದದ ಸ್ಥಾನಕ್ಕೆ ಇನ್ನೊಂದು ಬಂದು ಕುಳಿತಿರುವುದು ಸಣ್ಣ ಸಂಗತಿಯಲ್ಲ. ಒಂದು ಹಾಡಿಗಾಗಿಯೇ ತೆಗೆದ ಮೂರು ನಾಲ್ಕು ನಿಮಿಷಗಳ ಚಲಚ್ಚಿತ್ರವನ್ನು ಇಂಗ್ಲಿಷಿನಲ್ಲಿ ಮ್ಯೂಸಿಕ್ ವಿಡಿಯೋ ಎನ್ನುತ್ತಾರೆ. ಈ ಲೇಖನದ ಮಟ್ಟಿಗೆ ಅದನ್ನು ‘ದೃಶ್ಯಗೀತೆ’ ಎಂದು ಕರೆಯೋಣ. ಅದು ಹಾಡಿಗೆ ಉಪಕಾರ ಮಾಡುತ್ತದೆಯೋ ಅಪಕಾರ ಮಾಡುತ್ತದೆಯೋ ಎಂಬುದನ್ನು, ನನಗೆ ಪ್ರಿಯವಾದ ಕೆಲವು ಹಳೆಯ ಹೊಸ ದೃಶ್ಯಗೀತೆಗಳನ್ನು ಮುಂದಿಟ್ಟುಕೊಂಡು, ನನ್ನ ಅಲ್ಪಮತಿಗೆ ತೋಚಿದಷ್ಟು ಪರಾಮರ್ಶಿಸುವುದೇ ಇಲ್ಲಿಯ ಉದ್ದೇಶ.

ಮೊದಲಿಗೆ ಒಂದು ಮಾತು. ಹಾಡಿಗೆ ರೂಪ ಕೊಡುವ ಹಂಬಲ ಯಂತ್ರಯುಗದಲ್ಲಿ ಹುಟ್ಟಿದ್ದಲ್ಲ. ಹದಿನಾರನೆಯ ಶತಮಾನದಿಂದ ಹತ್ತೊಂಬತ್ತನೆಯ ಶತಮಾನದವರೆಗೆ ರಾಜಸ್ಥಾನ, ದಖ್ಖನ್, ಪಹಾಡಿ ಪ್ರದೇಶಗಳ ಕಲಾವಿದರು ರಾಗಮಾಲಾ ಚಿತ್ರಗಳನ್ನು ಬರೆದರು. ಒಂದೊಂದು ರಾಗಕ್ಕೂ ಒಬ್ಬ ನಾಯಕ, ಒಬ್ಬ ನಾಯಿಕೆ, ಒಂದು ಋತು, ಒಂದು ಹೊತ್ತು, ಒಂದು ಬಣ್ಣ. ನಮ್ಮ ಕರಾವಳಿ ಮಲೆನಾಡುಗಳ ಯಕ್ಷಗಾನದಲ್ಲಿಯಾದರೋ ಭಾಗವತರು ರಂಗದಲ್ಲಿ ನಿಂತೋ ಕುಳಿತೋ ಪದ್ಯ ಹಾಡುತ್ತಾರೆ. ವೇಷಧಾರಿಯು ಅದೇ ಪದ್ಯವನ್ನು ಹೆಜ್ಜೆಯಲ್ಲಿ, ಕಣ್ಣಿನಲ್ಲಿ, ಕೈಯಲ್ಲಿ ಮತ್ತೆ ಹಾಡುತ್ತಾನೆ. ಹಾಡುವವನು ಒಬ್ಬ, ತೋರಿಸುವವನು ಇನ್ನೊಬ್ಬ. ರಸ ಮಾತ್ರ ಒಂದೇ. ಹಾಗಿರುವಾಗ ಕಣ್ಣಿಗೂ ಕಿವಿಗೂ ಹುಟ್ಟುವೈರವಿದೆ ಎನ್ನುವುದು ಸರಿಯಾಗದು.

ಯಂತ್ರದ ಇತಿಹಾಸವೂ ನಾವು ತಿಳಿದಷ್ಟು ಹೊಸದಲ್ಲ. ೧೯೪೦ರ ದಶಕದಲ್ಲಿ ಅಮೆರಿಕದ ಹೋಟೆಲುಗಳಲ್ಲಿ ‘ಪ್ಯಾನೊರಾಮ್’ ಎಂಬ ಪೆಟ್ಟಿಗೆಗಳಿದ್ದವು. ಹತ್ತು ಸೆಂಟಿನ ನಾಣ್ಯ ಹಾಕಿದರೆ ಸುಮಾರು ಮೂರು ನಿಮಿಷಗಳ ಹಾಡಿನ ಚಿತ್ರವೊಂದು ಮೂಡುತ್ತಿತ್ತು. ಅವುಗಳಿಗೆ ‘ಸೌಂಡೀಸ್’ ಎಂದು ಹೆಸರು. ೧೯೮೧ರ ಆಗಸ್ಟ್ ೧ರಂದು ಅಮೆರಿಕದಲ್ಲಿ ಎಂಟಿವಿ ಎಂಬ ವಾಹಿನಿ ಪ್ರಾರಂಭವಾಯಿತು. ಅದು ಮೊಟ್ಟಮೊದಲು ತೋರಿಸಿದ್ದು ಬಗಲ್ಸ್ ತಂಡದ ೧೯೭೯ರ ದೃಶ್ಯಗೀತೆಯನ್ನು. ದೃಶ್ಯವು ಬಂದು ರೇಡಿಯೋ ಗಾಯಕನನ್ನು ಕೊಂದಿತು ಎಂಬುದೇ ಆ ಹಾಡಿನ ಹೆಸರಿನ ಅರ್ಥ! ೨೦೦೫ರಲ್ಲಿ ಯೂಟ್ಯೂಬ್ ಬಂದ ಮೇಲೆ ಹಳೆಯದೂ ಹೊಸದೂ ಒಂದೇ ಕಪಾಟಿನಲ್ಲಿ ಬಂದು ನಿಂತವು. ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲು ತೆಗೆದ ಚಿತ್ರಗಳ ಬಗೆಗೆ ನಾನು ಬರೆಯಲು ಸಾಧ್ಯವಾಗಿರುವುದು ಇದರಿಂದಲೇ.

ಇನ್ನು ಆಕ್ಷೇಪಣೆಯನ್ನು ನ್ಯಾಯವಾಗಿ ಎತ್ತಿಕೊಳ್ಳೋಣ. ಹಾಡು ಕೇಳುವಾಗ ಪ್ರತಿಯೊಬ್ಬನ ಮನಸ್ಸೂ ತನ್ನದೇ ಚಿತ್ರವನ್ನು ಕಟ್ಟಿಕೊಳ್ಳುತ್ತದೆ. ಒಬ್ಬನಿಗೆ ಊರಿನ ಕೆರೆ, ಇನ್ನೊಬ್ಬನಿಗೆ ಅಗಲಿದ ಅಜ್ಜಿ. ದೃಶ್ಯಗೀತೆಯು ಈ ನೂರು ಚಿತ್ರಗಳನ್ನು ಅಳಿಸಿ ತನ್ನ ಒಂದೇ ಚಿತ್ರವನ್ನು ಎಲ್ಲರ ಮೇಲೆ ಹೇರುತ್ತದೆ ಎಂಬುದು ಆಕ್ಷೇಪಣೆಯ ತಿರುಳು. ಇದಕ್ಕೆ ಬಲವಾದ ಸಾಕ್ಷಿಯೊಂದು ನಮ್ಮ ನಾಡಿನಲ್ಲೇ ಇದೆ. ೧೯೨೨ರಲ್ಲಿ ಹುಟ್ಟಿ ಗದಗದಲ್ಲಿ ಬೆಳೆದ ಬಾಲಕನೊಬ್ಬನು ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆಯನ್ನು ಕೇಳಿ, ಆ ನಾದದ ಸೆಳೆತಕ್ಕೆ ಸಿಕ್ಕಿ, ಗುರುವನ್ನರಸಿ ಮನೆ ಬಿಟ್ಟು ಹೊರಟನು. ಆ ತಟ್ಟೆಯಲ್ಲಿ ನೋಡಲು ತಿರುಗುವ ಕಪ್ಪು ಗೆರೆಗಳಲ್ಲದೆ ಬೇರೇನೂ ಇರಲಿಲ್ಲ. ಆ ಬಾಲಕನೇ ಮುಂದೆ ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯರಾಗಿ ಲೋಕಪ್ರಸಿದ್ಧರಾದ ಪಂಡಿತ ಭೀಮಸೇನ ಜೋಶಿ. ಕಿವಿಯೊಂದೇ ಇಷ್ಟು ಮಾಡಬಲ್ಲದಾದರೆ ಕಣ್ಣಿನ ಹಂಗು ಏಕೆ ಎಂದು ಯಾರಾದರೂ ಕೇಳಿದರೆ ಸುಲಭವಾಗಿ ಉತ್ತರ ಹೇಳಲಾಗದು.

ಉತ್ತರವನ್ನು ಹುಡುಕಲು ನಾನು ಎರಡು ಪರೀಕ್ಷೆಗಳನ್ನು ಇಟ್ಟುಕೊಂಡಿದ್ದೇನೆ. ಮೊದಲನೆಯದು, ಕಣ್ಣು ಮುಚ್ಚಿ ಹಾಡನ್ನು ಕೇಳುವುದು. ಎರಡನೆಯದು, ಸದ್ದನ್ನು ಅಡಗಿಸಿ ಚಿತ್ರವನ್ನು ಮಾತ್ರ ನೋಡುವುದು. ಎರಡೂ ಬೇರೆಬೇರೆಯಾಗಿ ನಿಂತು, ಕೂಡಿದಾಗ ಮಾತ್ರ ಹುಟ್ಟುವ ಮೂರನೆಯದೊಂದು ಅನುಭವ ದೊರೆತರೆ ಅದು ಒಳ್ಳೆಯ ದೃಶ್ಯಗೀತೆ. ಚಿತ್ರವಿಲ್ಲದೆ ಹಾಡು ಕುಸಿದುಬಿದ್ದರೆ, ಚಿತ್ರವು ಬಡ ಹಾಡಿಗೆ ಹೊದಿಸಿದ ಜರತಾರಿ ಶಾಲು ಮಾತ್ರ.

ನನ್ನ ಪಟ್ಟಿಯಲ್ಲಿ ಅತ್ಯಂತ ಹಳೆಯದು ಬಾಬ್ ಡಿಲನ್ ಅವರದು. ೧೯೬೫ರಲ್ಲಿ ಲಂಡನ್ನಿನ ಸೆವಾಯ್ ಹೋಟೆಲಿನ ಹಿಂದಿನ ಓಣಿಯಲ್ಲಿ ಡಿ. ಎ. ಪೆನ್ನೆಬೇಕರ್ ತೆಗೆದ ಈ ಚಿತ್ರವು ‘ಡೋಂಟ್ ಲುಕ್ ಬ್ಯಾಕ್’ ಎಂಬ ೧೯೬೭ರ ಸಾಕ್ಷ್ಯಚಿತ್ರದ ಪ್ರಾರಂಭದಲ್ಲಿದೆ. ತರುಣ ಡಿಲನ್ ಹಾಡುವುದೇ ಇಲ್ಲ. ಹಾಡಿನ ಆಯ್ದ ಪದಗಳನ್ನು ಬರೆದ ರಟ್ಟುಗಳನ್ನು ಹಿಡಿದು ನಿಂತು, ಒಂದೊಂದಾಗಿ ಕೆಳಗೆ ಬಿಸಾಡುತ್ತಾರೆ. ಹಿಂದೆ ಕವಿ ಅಲೆನ್ ಗಿನ್ಸ್‌ಬರ್ಗ್ ಯಾವುದೋ ಹರಟೆಯಲ್ಲಿ ನಿಂತಿದ್ದಾರೆ. ಕ್ಯಾಮೆರಾ ಒಮ್ಮೆಯೂ ಕದಲುವುದಿಲ್ಲ. ಖರ್ಚೆಂದರೆ ಒಂದಷ್ಟು ರಟ್ಟು. ಕೆಲವು ರಟ್ಟುಗಳ ಮೇಲೆ ಹಾಡಿನಲ್ಲಿರುವುದಕ್ಕಿಂತ ಬೇರೆಯ ಪದಗಳನ್ನು ಬೇಕೆಂದೇ ಬರೆದಿದ್ದಾರೆ. ಕಿವಿ ಒಂದನ್ನು ಕೇಳುತ್ತಿರಲು ಕಣ್ಣು ಇನ್ನೊಂದನ್ನು ಓದಿ ಥಟ್ಟನೆ ನಗುತ್ತದೆ. ವೇಗವಾಗಿ ಓಡುವ ಆ ಪದಗಳು ನನ್ನಂಥ ಹಳ್ಳಿಯ ಕಡೆಯ ವಿದ್ಯಾರ್ಥಿಗೆ ಅರ್ಥವಾದದ್ದೇ ಈ ರಟ್ಟುಗಳ ದೆಸೆಯಿಂದ. ಇಲ್ಲಿ ಚಿತ್ರವು ಹಾಡಿಗೆ ಟೀಕೆ ಬರೆದಿದೆ. ಪಂಪನ ಪದ್ಯಕ್ಕೆ ನಮ್ಮ ಅಧ್ಯಾಪಕರು ಕರಿಹಲಗೆಯ ಮೇಲೆ ಬರೆಯುವ ಪದಾರ್ಥದಂತೆ.

ಎರಡನೆಯದು ನಾರ್ವೆಯ ಆ-ಹ ತಂಡದ ‘ಟೇಕ್ ಆನ್ ಮಿ’. ಈ ಹಾಡಿಗೆ ಮೊದಲು ಒಂದು ಸಾಮಾನ್ಯ ದೃಶ್ಯಗೀತೆಯಿತ್ತು, ಹಾಡು ಗೆಲ್ಲಲಿಲ್ಲ. ಹಾಡನ್ನು ಮತ್ತೆ ಧ್ವನಿಮುದ್ರಿಸಿಕೊಂಡು ೧೯೮೫ರಲ್ಲಿ ಸ್ಟೀವ್ ಬ್ಯಾರನ್ ಹೊಸ ಚಿತ್ರವನ್ನು ನಿರ್ದೇಶಿಸಿದರು. ಉಪಾಹಾರಗೃಹದಲ್ಲಿ ಚಿತ್ರಕಥೆಯ ಪುಸ್ತಕ ಓದುತ್ತಿರುವ ಹುಡುಗಿಯತ್ತ ಪುಟದೊಳಗಿನ ನಾಯಕ ಕೈ ಚಾಚುತ್ತಾನೆ. ಅವಳು ಪುಟದೊಳಕ್ಕೆ ಹೋಗುತ್ತಾಳೆ. ಒಳಗೆ ಎಲ್ಲವೂ ಪೆನ್ಸಿಲಿನ ಗೆರೆ. ಇದನ್ನು ಸಾಧಿಸಿದ ವಿಧಾನಕ್ಕೆ ರೋಟೋಸ್ಕೋಪಿಂಗ್ ಎಂದು ಹೆಸರು. ಮೊದಲು ನಿಜವಾದ ನಟರ ಚಲಚ್ಚಿತ್ರ ತೆಗೆದು, ಅದರ ಒಂದೊಂದು ಚೌಕಟ್ಟಿನ ಮೇಲೂ ಕೈಯಿಂದ ಗೆರೆ ಎಳೆಯಬೇಕು. ಮೈಕೆಲ್ ಪ್ಯಾಟರ್ಸನ್ ಮತ್ತು ಕ್ಯಾಂಡೇಸ್ ರೆಕಿಂಜರ್ ಎಂಬ ಕಲಾವಿದರು ಸುಮಾರು ೩,೦೦೦ ಚಿತ್ರಗಳನ್ನು ಹೀಗೆ ಸಿದ್ಧಪಡಿಸಿದರು. ಇಂದು ಗಣಕಯಂತ್ರವು ಇಂಥದನ್ನು ಕ್ಷಣದಲ್ಲಿ ಮಾಡೀತು. ಆದರೂ ಒಂದು ಗೆರೆಯಿಂದ ಮುಂದಿನ ಗೆರೆಗೆ ನಡುವೆ ಕಾಣುವ ಆ ನಡುಕ, ಅದು ಕೈಯ ನಡುಕ, ಅದಕ್ಕೆ ಜೀವವಿದೆ. ಗಾಯಕನ ಸ್ವರ ಎತ್ತರಕ್ಕೆ ಏರಿ ಇನ್ನೇನು ಒಡೆಯುವುದೋ ಎಂಬಂತಾಗುವ ಕಡೆ ಚಿತ್ರದಲ್ಲಿಯೂ ಗೆರೆಯ ಮನುಷ್ಯ ಮಾಂಸದ ಮನುಷ್ಯನಾಗಲು ಹೆಣಗುತ್ತಾನೆ. ಸ್ವರದ ಏರಿಕೆಯನ್ನು ಕಣ್ಣಿನಿಂದ ಅಳೆಯಲು ನಾನು ಕಲಿತದ್ದು ಇಲ್ಲಿ.

ಮೂರನೆಯದನ್ನು ಓದುಗರೆಲ್ಲ ಬಲ್ಲರು. ೧೯೮೮ರ ಸ್ವಾತಂತ್ರ್ಯದಿನದಂದು ದೂರದರ್ಶನದಲ್ಲಿ ಪ್ರಸಾರವಾದ ‘ಮಿಲೇ ಸುರ್ ಮೇರಾ ತುಮ್ಹಾರಾ’. ಭೈರವಿಯ ನೆಲೆಯಲ್ಲಿ ಜಲಪಾತದ ಮುಂದೆ ಅದನ್ನು ಪ್ರಾರಂಭಿಸುವವರು ಅದೇ ಭೀಮಸೇನ ಜೋಶಿಯವರು. ಒಂದೇ ಮಾತು ಭಾಷೆಯಿಂದ ಭಾಷೆಗೆ ದಾಟುತ್ತ, ಕನ್ನಡವನ್ನೂ ಹಾದು, ಕಡಲತೀರದ ಬಾಲಮುರಳಿಕೃಷ್ಣರಿಂದ ಲತಾ ಮಂಗೇಶ್ಕರರವರೆಗೆ ಸಾಗುತ್ತದೆ. ಕೊನೆಯಲ್ಲಿ ಮಕ್ಕಳು ಸೇರಿ ದೇಶದ ಭೂಪಟವಾಗುತ್ತಾರೆ. ಇದು ಉಪದೇಶದ ಚಿತ್ರವಲ್ಲವೇ, ಇದರಲ್ಲಿ ಕಲೆ ಎಲ್ಲಿ ಎಂದು ಕೆಲವರು ಮೂಗು ಮುರಿಯುವುದುಂಟು. ನನಗೆ ಹಾಗನಿಸದು. ರೈಲು, ಆನೆ, ದೋಣಿ, ಗದ್ದೆ ಇವುಗಳ ನಡುವೆ ರಾಗ ಬದಲಾಗುವುದಿಲ್ಲ, ವಾದ್ಯವೂ ಉಚ್ಚಾರಣೆಯೂ ಬದಲಾಗುತ್ತವೆ. ಏಕತೆ ಎಂದರೆ ಏಕರೂಪವಲ್ಲ ಎಂಬ ಪಾಠವನ್ನು ಇದು ಭಾಷಣವಿಲ್ಲದೆ ಹೇಳಿದೆ.

ಈ ಚಿತ್ರಕ್ಕೂ ನನ್ನ ಮನೆಗೂ ಒಂದು ಸಂಬಂಧವಿದೆ. ನನ್ನ ತಾತನವರು ಸಂಗೀತಪ್ರಿಯರು. ಎಪ್ಪತ್ತು ದಾಟಿದ ಮೇಲೆ ಅವರ ಕಿವಿ ಮೆಲ್ಲಮೆಲ್ಲಗೆ ಮಂದವಾಗಿ ಕೊನೆಗೆ ಪೂರ್ತಿಯಾಗಿ ನಿಂತೇಹೋಯಿತು. ಮನೆಯಲ್ಲಿ ರೇಡಿಯೋ ಹಾಕಿದರೆ ಅವರು ಎದ್ದು ಜಗುಲಿಗೆ ಹೋಗುತ್ತಿದ್ದರು. ಕೇಳದ ಹಾಡಿನ ಎದುರು ಕೂರುವುದು ಅವರಿಗೆ ಕಷ್ಟವಾಗುತ್ತಿತ್ತು. ಒಂದು ದಿನ ನಾನು ಫೋನಿನಲ್ಲಿ ಈ ದೃಶ್ಯಗೀತೆಯನ್ನು ಅವರ ಮುಂದೆ ಹಿಡಿದೆ. ಜೋಶಿಯವರ ತುಟಿ ಅಲುಗಿದ್ದೇ ತಡ ತಾತನ ಬೆರಳು ತೊಡೆಯ ಮೇಲೆ ತಾಳ ಹಾಕತೊಡಗಿತು, ಅದೂ ಸರಿಯಾದ ಲಯದಲ್ಲಿ. ಆಮೇಲೆ ಅವರೇ ಕೇಳಿ ಕೇಳಿ ಜೋಶಿಯವರ ಕಛೇರಿಗಳ ಚಿತ್ರಗಳನ್ನು ತರಿಸಿಕೊಂಡು ನೋಡುತ್ತಿದ್ದರು. ಕೈ ಆಕಾಶಕ್ಕೆ ಏರಿದರೆ ತಾರಷಡ್ಜ, ಮುಖ ಸೆಟೆದು ಮೈ ಬಾಗಿದರೆ ತಾನ್ ಎಂದು ನನಗೆ ವಿವರಿಸುತ್ತಿದ್ದರು. ಕಣ್ಣು ಕಿವಿಯ ಸೊತ್ತನ್ನು ಕದಿಯುತ್ತದೆ ಎಂಬ ವಾದವನ್ನು ಪೂರ್ತಿಯಾಗಿ ಒಪ್ಪಲು ನನಗೆ ಆಗದಿರುವುದು ಇದಕ್ಕಾಗಿ. ಕಿವಿ ಸೋತ ಮನುಷ್ಯನಿಗೆ ಕಣ್ಣು ಆ ಸೊತ್ತನ್ನು ಹಿಂದಕ್ಕೆ ತಂದುಕೊಟ್ಟದ್ದನ್ನು ನಾನು ಕಂಡಿದ್ದೇನೆ.

ನಾಲ್ಕನೆಯದು ನನ್ನನ್ನು ಬಹುವಾಗಿ ಕಲಕಿದ್ದು. ‘ಹರ್ಟ್’ ಎಂಬ ಹಾಡನ್ನು ಟ್ರೆಂಟ್ ರೆಜ್ನರ್ ಬರೆದಾಗ ಇನ್ನೂ ಮೂವತ್ತು ತುಂಬಿರಲಿಲ್ಲ. ಅದು ಹೊರಬಂದದ್ದು ೧೯೯೪ರಲ್ಲಿ. ಅದನ್ನೇ ವೃದ್ಧ ಗಾಯಕ ಜಾನಿ ಕ್ಯಾಶ್ ೨೦೦೨ರಲ್ಲಿ ಹಾಡಿದರು; ಮರುವರ್ಷ ಮಾರ್ಕ್ ರೋಮನೆಕ್ ಚಿತ್ರ ತೆಗೆದರು. ಹಾಳುಬಿದ್ದ ಕ್ಯಾಶ್ ಅವರ ಸ್ವಂತ ವಸ್ತುಸಂಗ್ರಹಾಲಯ, ಊಟ ತುಂಬಿದ ಮೇಜು, ನಡುಗುವ ಕೈ. ನಡುನಡುವೆ ಅವರ ಯೌವನದ ಹಳೆಯ ಚಿತ್ರಗಳು. ಪತ್ನಿ ಜೂನ್ ಮೆಟ್ಟಿಲ ಮೇಲೆ ನಿಂತು ಅವರನ್ನು ನೋಡುತ್ತಾರೆ. ಅದೇ ವರ್ಷ ಮೇ ತಿಂಗಳಲ್ಲಿ ಜೂನ್, ಸೆಪ್ಟೆಂಬರಿನಲ್ಲಿ ಕ್ಯಾಶ್ ತೀರಿಕೊಂಡರು. ತರುಣನ ಬಾಯಲ್ಲಿ ಹತಾಶೆಯಾಗಿದ್ದ ಮಾತು ವೃದ್ಧನ ಮುಖದಲ್ಲಿ ಲೆಕ್ಕಪತ್ರ ಮುಗಿಸುವವನ ಮಾತಾಗಿದೆ. ಒಂದು ಪದವೂ ಇಲ್ಲದೆ, ಆ ಜೂನ್ ಅವರ ನೋಟ ಮಾತ್ರ ಕರುಣರಸಕ್ಕೆ ಸಾಕಾಗಿದೆ. ಸದ್ದಡಗಿಸಿ ನೋಡಿದರೂ ಎದೆ ಭಾರವಾಗುತ್ತದೆ. ಕಣ್ಣು ಮುಚ್ಚಿ ಕೇಳಿದರೂ ಹಾಗೆಯೇ. ನನ್ನ ಎರಡು ಪರೀಕ್ಷೆಗಳನ್ನೂ ಇದರಷ್ಟು ಪೂರ್ಣವಾಗಿ ಗೆದ್ದುದು ಇನ್ನೊಂದಿಲ್ಲ.

ಹೊಸ ಕಾಲದಿಂದ ಒಂದನ್ನು ಹೇಳಿ ಪಟ್ಟಿಯನ್ನು ಮುಗಿಸುತ್ತೇನೆ. ಓಕೆ ಗೋ ಎಂಬ ಅಮೆರಿಕನ್ ತಂಡವು ೨೦೧೬ರಲ್ಲಿ ವಿಮಾನದೊಳಗೆ ಒಂದು ದೃಶ್ಯಗೀತೆ ತೆಗೆಯಿತು. ವಿಮಾನವು ಪರವಲಯದ ಹಾದಿಯಲ್ಲಿ ಏರಿ ಇಳಿಯುವಾಗ ಒಳಗಿನವರಿಗೆ ಸುಮಾರು ಇಪ್ಪತ್ತೈದು ಸೆಕೆಂಡುಗಳ ಕಾಲ ತೂಕವೇ ಇಲ್ಲದಂತಾಗುತ್ತದೆ. ಆ ಚೂರು ಚೂರು ಅವಧಿಗಳನ್ನು ಜೋಡಿಸಿ ಅವರು ತೇಲುತ್ತ ಕುಣಿದರು. ಭೌತಶಾಸ್ತ್ರದ ವಿದ್ಯಾರ್ಥಿಗಳು ಅವಶ್ಯವಾಗಿ ನೋಡಬೇಕಾದದ್ದು. ಆದರೆ ನಿಜ ಹೇಳಬೇಕೆಂದರೆ ಆ ಚಿತ್ರ ನನಗೆ ನೆನಪಿದೆ, ರಾಗ ನೆನಪಿಲ್ಲ. ವಿಸ್ಮಯಕ್ಕೆ ನೂರಕ್ಕೆ ನೂರು ಅಂಕ, ಹಾಡಿಗೆ ಉತ್ತೀರ್ಣದ ಅಂಕ. ಮೊದಲನೆಯ ಪರೀಕ್ಷೆಯಲ್ಲಿ ಅದು ಹಿಂದುಳಿಯಿತು.

ಇದರಿಂದ ನನಗೆ ಸ್ಪಷ್ಟವಾದದ್ದು ಇಷ್ಟು. ದೃಶ್ಯವು ಹಾಡಿನ ಒಡೆಯನಾಗಬಾರದು, ಆಳೂ ಆಗಬಾರದು. ಯಕ್ಷಗಾನದ ವೇಷಧಾರಿಯಂತೆ ಸಮಪಾಲುದಾರನಾಗಬೇಕು. ಅಪಾಯವಿರುವುದು ಚಿತ್ರದಲ್ಲಲ್ಲ, ನಮ್ಮ ನೋಡುವ ರೀತಿಯಲ್ಲಿ. ೨೦೧೨ರ ಡಿಸೆಂಬರಿನಲ್ಲಿ ಕೊರಿಯಾದ ಸೈ ಎಂಬ ಗಾಯಕರ ‘ಗಂಗ್ನಮ್ ಸ್ಟೈಲ್’ ಯೂಟ್ಯೂಬಿನಲ್ಲಿ ನೂರು ಕೋಟಿ ವೀಕ್ಷಣೆಗಳನ್ನು ಮುಟ್ಟಿದ ಮೊದಲ ಚಿತ್ರವಾಯಿತು. ಅಂದಿನಿಂದ ಎಣಿಕೆಯೇ ಯೋಗ್ಯತೆ ಎಂಬ ಭ್ರಮೆ ಬಲಿಯಿತು. ಹದಿನೈದು ಸೆಕೆಂಡು ನೋಡಿ ಬೆರಳಿನಿಂದ ಮೇಲಕ್ಕೆ ತಳ್ಳುವ ನಮಗೆ ಹಾಡಿನ ಪಲ್ಲವಿ ಮಾತ್ರ ಗೊತ್ತು, ಚರಣ ಗೊತ್ತಿಲ್ಲ. ಅಲ್ಲಿ ಕಿವಿಗೂ ನಷ್ಟ, ಕಣ್ಣಿಗೂ ನಷ್ಟ.

ಆದ್ದರಿಂದ ಸಹಪಾಠಿ ಮಿತ್ರರಲ್ಲಿ ನನ್ನದೊಂದು ವಿಜ್ಞಾಪನೆ. ಮೆಚ್ಚಿದ ಹಾಡೊಂದು ಸಿಕ್ಕಿದಾಗ ಮೊದಲು ಕಣ್ಣು ಮುಚ್ಚಿ ಪೂರ್ತಿ ಕೇಳಿರಿ. ನಿಮ್ಮ ಮನಸ್ಸು ಕಟ್ಟಿದ ಚಿತ್ರವನ್ನು ಗುರುತಿಟ್ಟುಕೊಳ್ಳಿರಿ. ಆಮೇಲೆ ನಿರ್ದೇಶಕನ ಚಿತ್ರವನ್ನು ನೋಡಿರಿ. ಎರಡೂ ಬೇರೆಯಾಗಿದ್ದರೆ ನಷ್ಟವೇನೂ ಇಲ್ಲ. ಒಂದು ಹಾಡಿಗೆ ಎರಡು ಮನೆಗಳು ದೊರೆತಂತಾಯಿತು. ಸಂಗೀತಸಂಘದವರು ವಾರಕ್ಕೊಮ್ಮೆ ಇಂಥದೊಂದು ಕೂಟವನ್ನು ಏರ್ಪಡಿಸಿ, ಮೊದಲು ದೀಪ ಆರಿಸಿ ಹಾಡನ್ನು ಕೇಳಿಸಿ, ಅನಂತರ ತೆರೆಯ ಮೇಲೆ ತೋರಿಸಿ, ಚರ್ಚೆಗೆ ಅವಕಾಶ ಮಾಡಿಕೊಟ್ಟರೆ ಅದು ತರಗತಿಯ ಪಾಠಕ್ಕಿಂತ ಕಡಿಮೆಯ ಪಾಠವೇನೂ ಆಗಲಾರದು.