ಐದು ಮಂದಿ ಕಾಣುತ್ತಿಲ್ಲ, ಮಗಳೇ

ಕಡ್ಡಿರಾಂಪುರ,
ಏಪ್ರಿಲ್ 2026

ಪ್ರೀತಿಯ ಮಗಳೇ,

ಹಂಪಿ ತೇರು ಮುಗಿದ ಮೇಲೆ ಒಂದು ಸಂಜೆ ನೀನು ಗೆಳತಿಯನ್ನು ಕರೆದುಕೊಂಡು ಬಂದು ನನ್ನ ಕೈಗೆ ಒಂದು ಉದ್ದನೆಯ ನೋಟ್‌ಬುಕ್ ಕೊಟ್ಟೆ. 'ಒಂಬತ್ತನೇದು ಮುಗೀತು ತಾತ. ಹತ್ತಕ್ಕ ಹೋಗೋ ಮುಂಚೆ ಕ್ಲಾಸಿನೋರೆಲ್ಲ ನೆನಪು ಬರ್ದೀವಿ. ನೀವೂ ನಾಲ್ಕು ಸಾಲು ಬರೀರಿ' ಅಂದೆ. ನಾಲ್ಕು ಸಾಲು ಬರೆಯಲು ಕೂತವನಿಗೆ ಮಾತು ಉದ್ದವಾಯಿತು. ಅದಕ್ಕೆ ಈ ಪತ್ರ. ನಿನಗೆ ಬರೆದದ್ದಾದರೂ ನಿನ್ನ ಕ್ಲಾಸಿನವರೆಲ್ಲ ಓದಲಿ. ಹೊಸಪೇಟೆ, ಕಮಲಾಪುರ, ಕಂಪ್ಲಿ, ಸಂಡೂರಿನ ನಿನ್ನ ವಾರಿಗೆಯ ಮಕ್ಕಳೂ ಓದಲಿ.

ನೋಟ್‌ಬುಕ್ಕನ್ನು ಮೂರು ಸಲ ಓದಿದೆ. ಎಂಟನೇ ತರಗತಿಯ ಮೊದಲ ದಿನ ಯಾವ ಕೋಣೆಗೆ ಹೋಗಬೇಕೆಂದು ತಿಳಿಯದೆ ವರಾಂಡದಲ್ಲೇ ನಿಂತವಳು, ಕಬಡ್ಡಿಯಲ್ಲಿ ಮೊಣಕಾಲು ತರಚಿಕೊಂಡವನು, ಬಿಸಿಯೂಟದ ಸಾಲಿನಲ್ಲಿ ಮೊಟ್ಟೆಯೋ ಬಾಳೆಹಣ್ಣೋ ಎಂದು ಜಗಳವಾಡಿದವರು, ಬೀಜಗಣಿತಕ್ಕೆ ಹೆದರಿ ಹೊಟ್ಟೆನೋವು ಎಂದು ಸುಳ್ಳು ಹೇಳಿದವನು, ಎಲ್ಲರೂ ಅದರಲ್ಲಿದ್ದಾರೆ. ಒಬ್ಬ ಇನ್ನೂ ಹಿಂದಕ್ಕೆ ಹೋಗಿ, ನಾಲ್ಕನೇ ತರಗತಿಯಲ್ಲಿ ಬೇವಿನ ಮರದ ಕೆಳಗೆ ದೂರದೂರ ಕೂತು ಕಲಿತ ದಿನಗಳನ್ನು ಬರೆದಿದ್ದಾನೆ. ಅದು 2020ರ ವಿದ್ಯಾಗಮ. ಆ ವರ್ಷ ಮಾರ್ಚಿನಲ್ಲಿ ಕೊರೊನಾ ಬಂದು ಮುಚ್ಚಿದ ಶಾಲೆ, ಕಿರಿಯ ಪ್ರಾಥಮಿಕದ ಮಕ್ಕಳಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ ಕೊನೆಯಲ್ಲಿ. ಆಗ ನೀವು ಐದನೇ ತರಗತಿಯಲ್ಲಿದ್ದಿರಿ. ಮೂರನೇ ತರಗತಿಯಲ್ಲಿ ಬಿಟ್ಟ ಬೆಂಚಿಗೆ ಐದನೇ ತರಗತಿಯಲ್ಲಿ ವಾಪಸಾದವರು ನೀವು. ಶಾಲೆ ಇಲ್ಲದ ಹಗಲು ಎಷ್ಟು ಉದ್ದ ಎಂಬುದನ್ನು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ.

ನಿಮ್ಮ ಹುಟ್ಟಿನ ಕಾಲವನ್ನೂ ನೆನಪಿಸುತ್ತೇನೆ. ನೀವು ಬಹುತೇಕರು 2010–11ರಲ್ಲಿ ಹುಟ್ಟಿದವರು. ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ ಶಿಕ್ಷಣ ಹಕ್ಕು ಎಂಬ ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. 2011ರ ಜುಲೈ ಕೊನೆಯಲ್ಲಿ, ನಿಮ್ಮಲ್ಲಿ ಕೆಲವರು ತೊಟ್ಟಿಲಲ್ಲಿದ್ದಾಗ, ಹಂಪಿ ಬಜಾರಿನ ಕಲ್ಲು ಮಂಟಪಗಳಲ್ಲಿ ಸಂಸಾರ ಹೂಡಿದ್ದವರ ಮನೆ, ಅಂಗಡಿ, ಹೋಟೆಲುಗಳು ತೆರವಾದವು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಬೀದಿಗೆ ಬಂದವು. ಅವರ ಪುನರ್ವಸತಿಗೆಂದು ಗೊತ್ತಾದ ನೆಲ ನಮ್ಮ ಕಡ್ಡಿರಾಂಪುರ. ನಿನ್ನ ಕ್ಲಾಸಿನಲ್ಲಿ ಹಾಗೆ ಬಂದ ಮನೆಯ ಮಕ್ಕಳೂ ಇದ್ದಾರೆ, ತಲೆತಲಾಂತರದಿಂದ ಇಲ್ಲೇ ಬಾಳೆ ಹಚ್ಚಿದ ಮನೆಯವರೂ ಇದ್ದಾರೆ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಬೆಳೆದಿರಿ. ನೆಲೆ ತಪ್ಪಿದವರಿಗೆ ಮತ್ತೆ ಒಂದು ಸಾಲು, ಒಂದು ಜಾಗ ಕೊಟ್ಟದ್ದು ಶಾಲೆ.

ಈಗ ವಿಷಯಕ್ಕೆ ಬರುತ್ತೇನೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಎಂಟನೇ ತರಗತಿಯ ಫೋಟೋ ಅಂಟಿಸಿದ್ದೀರಿ. ಕೊನೆಯ ಪುಟದಲ್ಲಿ ಈ ವರ್ಷದ್ದು. ಕನ್ನಡಕ ಒರೆಸಿಕೊಂಡು ತಲೆ ಎಣಿಸಿದೆ. ಮೊದಲನೆಯದರಲ್ಲಿ ನಲವತ್ತೊಂದು, ಕೊನೆಯದರಲ್ಲಿ ಮೂವತ್ತಾರು. ಆ ದಿನ ಕೆಲವರು ಗೈರಾಗಿರಬಹುದು ಎಂದುಕೊಂಡು, ನೆನಪು ಬರೆದವರ ಹೆಸರುಗಳನ್ನೂ ಎಣಿಸಿದೆ. ಅವೂ ಮೂವತ್ತಾರೇ. ಮುಂದಿನ ಸಾಲಿನ ಬಲತುದಿಯಲ್ಲಿ ಎರಡು ಜಡೆ, ಕೆಂಪು ರಿಬ್ಬನ್ನಿನ ಹುಡುಗಿ ನಿನ್ನ ಹೆಗಲ ಮೇಲೆ ಕೈ ಹಾಕಿ ನಿಂತಿದ್ದಾಳಲ್ಲ, ಅವಳು ಕೊನೆಯ ಫೋಟೋದಲ್ಲಿ ಇಲ್ಲ. ನೋಟ್‌ಬುಕ್ಕಿನ ಯಾವ ಪುಟದಲ್ಲೂ ಅವಳ ಹೆಸರಿಲ್ಲ. ಇಷ್ಟೊಂದು ನೆನಪು ಬರೆದ ಮಕ್ಕಳು ಆ ಐದು ಮಂದಿಯನ್ನು ಹೇಗೆ ಬಿಟ್ಟಿರಿ?

ಬೈಯುತ್ತಿಲ್ಲ, ತಾಯಿ. ಬೈಯುವ ಹಕ್ಕು ನನಗಿಲ್ಲ. ಯಾಕೆಂದು ಹೇಳುತ್ತೇನೆ.

ಬಹಳ ವರ್ಷಗಳ ಹಿಂದೆ ನಾನು ಒಂದು ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿಯ ಕ್ಲಾಸ್ ಟೀಚರ್ ಆಗಿದ್ದೆ. ಎರಡನೇ ಬೆಂಚಿನಲ್ಲಿ ಕೂರುತ್ತಿದ್ದ ಒಬ್ಬ ಹುಡುಗಿ ಲೆಕ್ಕದಲ್ಲಿ ನನಗಿಂತ ಚುರುಕು. ದೀಪಾವಳಿ ರಜೆ ಮುಗಿದ ಮೇಲೆ ಅವಳು ಬರಲಿಲ್ಲ. ಹಾಜರಿ ಕರೆಯುವಾಗ ಅವಳ ಹೆಸರು ಬಂದಾಗಲೆಲ್ಲ ಹಿಂದಿನಿಂದ ಯಾರೋ ಒಬ್ಬರು 'ಬಂದಿಲ್ರೀ ಸಾರ್' ಅನ್ನುತ್ತಿದ್ದರು. ನಾನು 'ಗೈ' ಎಂದು ಬರೆಯುತ್ತಿದ್ದೆ. ತಿಂಗಳು ಕಳೆಯಿತು. ಒಂದು ದಿನ ಅಳತೆಪಟ್ಟಿ ಇಟ್ಟು ಅವಳ ಹೆಸರಿನ ಮೇಲೆ ಕೆಂಪು ಶಾಯಿಯಲ್ಲಿ ನೆಟ್ಟಗೆ ಒಂದು ಗೆರೆ ಎಳೆದೆ. ಅವಳ ಮನೆ ಶಾಲೆಯಿಂದ ಹತ್ತು ನಿಮಿಷದ ದಾರಿ. ನಾನು ಹೋಗಲಿಲ್ಲ. ಅದು ನನ್ನ ಕೆಲಸ ಎಂದು ಆಗ ನನಗೆ ಅನ್ನಿಸಲಿಲ್ಲ.

ಏಳೆಂಟು ವರ್ಷದ ಮೇಲೆ ಹಂಪಿಗೆ ಹೋಗುವ ದಾರಿಯಲ್ಲಿ ಎಳೆ ಸೌತೆಕಾಯಿ ಮಾರುತ್ತಿದ್ದ ಹೆಣ್ಣುಮಗಳೊಬ್ಬಳು ಎದ್ದು ನಿಂತು ಸೆರಗು ಸರಿಮಾಡಿಕೊಂಡು 'ಸಾರ್' ಅಂದಳು. ಪಕ್ಕದಲ್ಲಿ ಇಬ್ಬರು ಮಕ್ಕಳು. ಗುರುತು ಹತ್ತಿತು. ದುಡ್ಡು ಬೇಡವೆಂದು ಸೌತೆಕಾಯಿ ಸೀಳಿ ಉಪ್ಪುಖಾರ ಸವರಿ ಕೈಗೆ ಕೊಟ್ಟಳು. ಮಾತಿನ ಮಧ್ಯೆ ಅಂದಳು: 'ನೀವು ಬರ್ತೀರಿ ಅಂತ ಎಂಟು ದಿನ ಬಾಗಿಲಾಗ ಕುಂತಿದ್ದೆ ಸಾರ್. ನೀವು ಹೇಳಿದ್ರ ನಮ್ಮಪ್ಪ ಕೇಳ್ತಿದ್ದ.' ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸೌತೆಕಾಯಿ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಆವತ್ತಿನಿಂದ ನಿವೃತ್ತಿಯಾಗುವವರೆಗೆ, ಯಾವ ಮಗು ಒಂದು ವಾರ ಬರದಿದ್ದರೂ ಅದರ ಮನೆಗೆ ಹೋಗಿದ್ದೇನೆ. ಎಲ್ಲರನ್ನೂ ಕರೆತರಲು ಆಗಲಿಲ್ಲ. ಆದರೆ ಆಮೇಲೆ ಮನೆಗೆ ಹೋಗದೆ ಯಾವ ಹೆಸರಿನ ಮೇಲೂ ಗೆರೆ ಎಳೆಯಲಿಲ್ಲ.

ಎಂಟನೇ ತರಗತಿಯವರೆಗೆ ಇದ್ದವರು ಒಂಬತ್ತರಲ್ಲಿ ಯಾಕೆ ಕಾಣೆಯಾಗುತ್ತಾರೆ ಗೊತ್ತೆ? ನಾನು ಹೇಳಿದ ಆ ಕಾಯ್ದೆಯ ಕೈ ಹದಿನಾಲ್ಕು ವರ್ಷಕ್ಕೆ, ಎಂಟನೇ ತರಗತಿಗೆ ನಿಲ್ಲುತ್ತದೆ. ಅದೇ ವಯಸ್ಸಿಗೆ ಹುಡುಗನ ತೋಳಿಗೆ ಬಾಳೆಗೊನೆ ಹೊರುವ ಶಕ್ತಿ ಬಂದಿರುತ್ತದೆ, ಹುಡುಗಿ ಮನೆಯವರ ಕಣ್ಣಿಗೆ ದೊಡ್ಡವಳಾಗಿ ಕಾಣುತ್ತಾಳೆ. ಮಳೆ ಕೈಕೊಟ್ಟ ವರ್ಷ ಕುಟುಂಬವೇ ಬೆಂಗಳೂರಿಗೆ ಗುಳೆ ಹೋಗುತ್ತದೆ. ನಿಮ್ಮ ಅಕ್ಕ ಅಣ್ಣಂದಿರಿಗೆ ಎಂಟನೇ ತರಗತಿಗೆ ಬಂದೊಡನೆ ಸಿಗುತ್ತಿದ್ದ ಸೈಕಲ್ಲೂ ನಿಮಗೆ ಸಿಗಲಿಲ್ಲ. ಹೀಗೆ ಒಂದರ ಮೇಲೊಂದು ಕಾರಣ ಕೂಡಿ ಒಂದು ಮಗು ಮನೆಯಲ್ಲಿ ಉಳಿಯುತ್ತದೆ. ದಡ್ಡರೆಂದು ಶಾಲೆ ಬಿಟ್ಟವರನ್ನು ನಾನು ಕಂಡದ್ದು ಬಹಳ ಕಡಿಮೆ.

ನೋಟ್‌ಬುಕ್ಕಿನಲ್ಲಿ ಹೆಚ್ಚು ಮಂದಿ ಬರೆದಿರುವುದು ಡ್ಯಾಮಿನ ಗೇಟಿನ ಬಗ್ಗೆ. ನೀವು ಆಗ ಎಂಟನೇ ತರಗತಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಅಲ್ಲಿರುವುದು ಒಟ್ಟು 33 ಗೇಟು. ಒಂದು ಹೋದರೇನು, ಇನ್ನೂ 32 ಇವೆಯಲ್ಲ ಎಂದು ಆ ರಾತ್ರಿ ಯಾರಾದರೂ ಅಂದರೆ? ಉಳಿದ ಗೇಟುಗಳನ್ನೂ ಎತ್ತಿ ತುಂಬಿದ ನೀರನ್ನು ನದಿಗೆ ಬಿಡಬೇಕಾಯಿತು. ನಿವೃತ್ತರಾಗಿದ್ದ ತಜ್ಞ ಕನ್ನಯ್ಯ ನಾಯ್ಡು ಅವರನ್ನು ಕರೆಸಿದರು. ನೀರು ಪೂರ್ತಿ ಇಳಿಯಲಿ ಎಂದು ಕಾಯದೆ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗಿನ ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ, ವಾರದೊಳಗೆ ಆ ಬಾಯಿ ಮುಚ್ಚಿದರು. ಆ ದಿನ ಊರೆಲ್ಲ ಸಿಹಿ ಹಂಚಿದ್ದನ್ನು ನೀನೇ ಬರೆದಿದ್ದೀಯ. ನಲವತ್ತೊಂದರಲ್ಲಿ ಐದು ಹೋದಾಗಲೂ ಅಷ್ಟೇ ಗಾಬರಿಯಾಗಬೇಕು, ಅಷ್ಟೇ ಬೇಗ ಓಡಬೇಕು.

ಮಕ್ಕಳ ಕೈಲಿ ಏನಾದೀತು ಅನ್ನಬೇಡ. ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಒಂದು ವರ್ಷ ನಮ್ಮ ಕ್ಲಾಸಿನ ಹುಡುಗನೊಬ್ಬ ತುರ್ತು ಕಾಲುವೆಯ ಪಕ್ಕದ ಬಾಳೆತೋಟದಲ್ಲಿ ಕೂಲಿಗೆ ನಿಂತ. ಅವನ ನಾಲ್ವರು ಗೆಳೆಯರು ನನ್ನನ್ನೂ ಕರೆದುಕೊಂಡು ಅಲ್ಲಿಗೆ ಹೋದರು. ಅವನ ಹೆಗಲ ಮೇಲೆ ಒಣಗಿದ ಬಾಳೆರಸದ ಕಪ್ಪು ಕಲೆ. ಅಪ್ಪ 'ಮನಿ ನಡಿಬೇಕಲ್ರೀ ಸಾರ್' ಅಂದ. ನನಗೆ ಉತ್ತರ ಹೊಳೆಯಲಿಲ್ಲ. ಒಬ್ಬ ಹುಡುಗ ಬಾಯಿ ಬಿಟ್ಟ: 'ಮಾವ, ಭಾನುವಾರ ನಾವು ನಾಲ್ಕೂ ಮಂದಿ ಬಂದು ಗೊನೆ ಹೊರ್ತೀವಿ. ಕೂಲಿ ಇವನಿಗೇ ಕೊಡ್ರಿ. ಸೋಮವಾರ ಇವನ್ನ ಕಳಿಸ್ರಿ.' ಅಪ್ಪ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಮಗನ ತಲೆ ಸವರಿ 'ಹೋಗು' ಅಂದ. ಮಕ್ಕಳನ್ನು ಗೊನೆ ಹೊರಲು ಬಿಡಲಿಲ್ಲ. ಅವರ ಮಾತೇ ಸಾಕಾಗಿತ್ತು.

ಆದ್ದರಿಂದ ಈ ಬೇಸಿಗೆಯಲ್ಲಿ ನೀವು ಮಾಡಬೇಕಾದದ್ದು ಇಷ್ಟು. ಐದು ಹೆಸರು ಬರೆದುಕೊಳ್ಳಿ. ಒಬ್ಬೊಬ್ಬರ ಮನೆಗೂ ಮೂರು ನಾಲ್ಕು ಜನ ಹೋಗಿ. ಮೊದಲ ದಿನ ಶಾಲೆಯ ಮಾತೇ ಬೇಡ; ಕೂತು ಮಾತಾಡಿ, ನೀರು ಕುಡಿದು ಬನ್ನಿ. ಮುಂದಿನ ಸಲ ಒಂಬತ್ತನೇ ತರಗತಿಯ ನೋಟ್ಸು ಒಯ್ಯಿರಿ. ತಂದೆ ತಾಯಿಗೆ ಬುದ್ಧಿ ಹೇಳಲು ಹೋಗಬೇಡಿ, ಅವರ ಕಷ್ಟ ಕೇಳಿ. ಆಮೇಲೆ ನಿಮ್ಮ ಮೇಷ್ಟ್ರನ್ನೋ ಟೀಚರಮ್ಮನನ್ನೋ ಕರೆದುಕೊಂಡು ಹೋಗಿ. ನನ್ನನ್ನು ಕರೆದರೆ ಕೋಲು ಊರಿಕೊಂಡಾದರೂ ಬರುತ್ತೇನೆ. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಈಗ ಪುಕ್ಕಟೆ ಎಂದು ನೆನಪಿಸಿ. ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ, ಪಾಸಿನ ಗೆರೆ 35ರಿಂದ 33ಕ್ಕೆ ಇಳಿದಿದೆ, ಖಾಸಗಿಯಾಗಿ ಕಟ್ಟುವ ದಾರಿಯೂ ಇದೆ ಎಂದು ತಿಳಿಸಿ. ಫೇಲಾಗುವ ಭಯಕ್ಕೆ ಮನೆಯಲ್ಲಿ ಕೂತವರಿಗೆ ಅಷ್ಟು ತಿಳಿದರೂ ಧೈರ್ಯ ಬರುತ್ತದೆ.

ಇನ್ನೊಂದು ಮಾತು. ಇದು ಲಗ್ನದ ಕಾಲ. ನಿಮ್ಮಲ್ಲಿ ಯಾರಿಗಾದರೂ ಗಂಡು ನೋಡುತ್ತಿದ್ದಾರೆಂದು ಕಿವಿಗೆ ಬಿದ್ದರೆ ಗುಟ್ಟಾಗಿ ಇಡಬೇಡಿ. ಹದಿನೆಂಟು ತುಂಬದ ಹುಡುಗಿಯ ಮದುವೆ ಕಾನೂನಿಗೆ ವಿರುದ್ಧ. ದೊಡ್ಡವರಿಗೆ ಹೇಳಿ, ದೊಡ್ಡವರು ಕೇಳದಿದ್ದರೆ 1098ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗಲೂ ಎತ್ತುತ್ತಾರೆ, ದುಡ್ಡು ಬೀಳುವುದಿಲ್ಲ. ಗೆಳತಿಯ ಮನೆಯವರಿಗೆ ಸಿಟ್ಟು ಬಂದೀತು. ಬರಲಿ. ಸಿಟ್ಟು ಇಳಿಯುತ್ತದೆ, ಹೋದ ವರ್ಷಗಳು ತಿರುಗಿ ಬರುವುದಿಲ್ಲ.

ಹತ್ತನೇ ತರಗತಿಗೆ ಹೋದ ಕೂಡಲೇ ಎಲ್ಲರೂ ನಿಮ್ಮನ್ನು ಬೇರೆ ಬೇರೆ ಮಾಡುತ್ತಾರೆ. ಇವನು ತೊಂಬತ್ತರವನು, ಇವಳು ಪಾಸಾದರೆ ಸಾಕು ಎನ್ನುತ್ತಾರೆ. ನೀವು ಮಾತ್ರ ಬೇರೆಯಾಗಬೇಡಿ. ಲೆಕ್ಕ ಬಂದವರು ಬರದವರಿಗೆ ಹೇಳಿಕೊಡಿ. ಹೇಳಿಕೊಟ್ಟವರಿಗೇ ಪಾಠ ಗಟ್ಟಿಯಾಗುವುದು, ಇದು ನನ್ನ ಮೂವತ್ತು ವರ್ಷದ ಅನುಭವ.

ನಿನ್ನ ನೋಟ್‌ಬುಕ್ಕನ್ನು ಈ ಪತ್ರದ ಜೊತೆ ವಾಪಸು ಕಳಿಸುತ್ತಿದ್ದೇನೆ. ನನ್ನ ನಾಲ್ಕು ಸಾಲು ಅದರಲ್ಲಿಲ್ಲ. ಕೊನೆಯ ಫೋಟೋದ ಹಿಂದೆ ಐದು ಹಾಳೆ ಖಾಲಿ ಇದ್ದವು, ನೀನು ನನಗೆಂದು ಬಿಟ್ಟದ್ದಿರಬೇಕು. ಒಂದೊಂದು ಹಾಳೆಯ ಮೇಲೂ ಪೆನ್ಸಿಲ್ಲಿನಲ್ಲಿ ಒಂದೊಂದು ಅಂಕಿ ಹಾಕಿದ್ದೇನೆ, 37ರಿಂದ 41ರವರೆಗೆ. ಅವನ್ನು ಬರೆಯಬೇಕಾದವರು ಆ ಐದು ಮಂದಿ. ಶಾಲೆ ಬಾಗಿಲು ತೆರೆಯಲು ಇನ್ನೂ ಆರೇಳು ವಾರ ಇದೆ. ನಾಳೆಯೇ ಹೊರಡು, ಮಗಳೇ. ಮೊದಲು ಆ ಕೆಂಪು ರಿಬ್ಬನ್ನಿನ ಹುಡುಗಿಯ ಮನೆಗೆ ಹೋಗು.

ಇಂತಿ ನಿನ್ನ,
ಮೇಷ್ಟ್ರು ತಾತ