ಹೊಂಡದ ಮೀನು ರಾತ್ರೋರಾತ್ರಿ ಸತ್ತರೆ: ವಿಷಕ್ಕೂ ಮೊದಲು ಆಮ್ಲಜನಕ ನೋಡಿ

ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ತಾಲ್ಲೂಕುಗಳ ಕೆರೆ, ಕೃಷಿ ಹೊಂಡಗಳಲ್ಲಿ ಕಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಸಾಕುವವರನ್ನು ಕಾಡುವ ನಷ್ಟವೊಂದಿದೆ: ಸಂಜೆ ಚುರುಕಾಗಿದ್ದ ಮೀನು ಬೆಳಗಾಗುವಷ್ಟರಲ್ಲಿ ಹೊಟ್ಟೆ ಮೇಲಾಗಿ ತೇಲುವುದು. ಕಂಡ ಕೂಡಲೇ ಯಾರೋ ವಿಷ ಹಾಕಿದರು ಎಂಬ ಮಾತು ಹುಟ್ಟುತ್ತದೆ, ಇಲ್ಲವೇ ರೋಗದ ಔಷಧಿ ಹುಡುಕಲು ಹೊರಡುತ್ತೇವೆ. ಪಾಚಿ ಮತ್ತು ನೀರುಗಿಡ ದಟ್ಟವಾಗಿರುವ ಹಸಿರು ನೀರಿನಲ್ಲಿ ಹೀಗಾದರೆ ಮೊದಲು ಅನುಮಾನಿಸಬೇಕಾದ್ದು ಆಮ್ಲಜನಕದ ಕೊರತೆಯನ್ನು. ಕಾರಣ ಸರಿಯಾಗಿ ತಿಳಿದರೆ ಉಳಿದ ಮೀನನ್ನಾದರೂ ಅಂದೇ ಉಳಿಸಿಕೊಳ್ಳಬಹುದು.

ನೀರಿನಲ್ಲಿ ಗಿಡವಿದ್ದರೆ ಆಮ್ಲಜನಕಕ್ಕೆ ಬರವೇ ಇಲ್ಲ ಎಂಬ ನಂಬಿಕೆ ಹಗಲಿನ ಮಟ್ಟಿಗೆ ಸರಿ. ಬೆಳಕಿರುವಾಗ ಪಾಚಿ ಆಮ್ಲಜನಕ ಬಿಡುತ್ತದೆ. ಕತ್ತಲಾದ ಮೇಲೆ ಮೀನಿನಂತೆ ಅದೂ ಉಸಿರಾಡುತ್ತದೆ. ತಳದಲ್ಲಿ ಕೊಳೆಯುವ ಸಗಣಿ, ಕೋಳಿಗೊಬ್ಬರ, ತಿನ್ನದೆ ಉಳಿದ ಹಿಂಡಿ, ತೌಡು ಹಗಲಿರುಳೂ ಆಮ್ಲಜನಕ ಹೀರುತ್ತವೆ. ಹಾಗಾಗಿ ಸೂರ್ಯೋದಯಕ್ಕೆ ಮುಂಚಿನ ಹೊತ್ತಿಗೆ ಅದರ ಮಟ್ಟ ಅತಿ ಕಡಿಮೆ. ಗೆಂಡೆ ಜಾತಿಯ ಮೀನಿಗೆ ಲೀಟರಿಗೆ ಸುಮಾರು 5 ಮಿಲಿಗ್ರಾಂ ಬೇಕು. 2ಕ್ಕಿಂತ ಕೆಳಗಿಳಿದರೆ ಅಪಾಯ. ಜೂನ್-ಜುಲೈನಲ್ಲಿ ದಿನಗಟ್ಟಲೆ ಮೋಡ ಕವಿದರೆ ಹಗಲಿನ ಉತ್ಪಾದನೆಯೂ ಕುಸಿಯುತ್ತದೆ. ಏಪ್ರಿಲ್-ಮೇ ಬಿಸಿಲಿನ ನಂತರದ ಜೋರು ಮಳೆಯಲ್ಲಿ ಮೇಲಿನ ನೀರು ತಣಿದು ಕೆಳಗಿಳಿದು, ಆಮ್ಲಜನಕವಿಲ್ಲದ ತಳದ ನೀರು ಮೇಲೇಳುತ್ತದೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತಾಗಲೂ ಕರಗಿದ ಆಮ್ಲಜನಕದ ಕುಸಿತವೇ ಮುಖ್ಯ ಕಾರಣವಾಗಿ ಚರ್ಚೆಗೆ ಬಂತು.

ಹಾಗಾದರೆ ವಿಷದ ಅನುಮಾನ ಸುಳ್ಳೇ? ಅಲ್ಲ. ಆಲೂಗಡ್ಡೆ, ತಂಬಾಕು ಹೊಲಗಳಿಗೆ ಸಿಂಪಡಿಸಿದ ಕೀಟನಾಶಕ ಮಳೆನೀರಿನೊಂದಿಗೆ ಹೊಂಡ ಸೇರಬಹುದು. ಸಿಂಥೆಟಿಕ್ ಪೈರೆಥ್ರಾಯ್ಡ್‌ಗಳಂತೂ ಅತ್ಯಲ್ಪ ಪ್ರಮಾಣದಲ್ಲೇ ಮೀನನ್ನು ಕೊಲ್ಲುತ್ತವೆ. ಆದರೆ ಕುರುಹುಗಳು ಬೇರೆ. ಆಮ್ಲಜನಕ ಕಡಿಮೆಯಾದಾಗ ಮೀನು ನಸುಕಿನಲ್ಲಿ ಮೇಲೆ ಬಂದು ಬಾಯಿ ತೆರೆದು ಗಾಳಿಗೆ ಹವಣಿಸುತ್ತದೆ, ಸಾಮಾನ್ಯವಾಗಿ ದೊಡ್ಡ ಮೀನು ಮೊದಲು ಸಾಯುತ್ತದೆ, ಗಾಳಿ ಉಸಿರಾಡುವ ನೀರುಕೀಟ, ಕಪ್ಪೆ ಬದುಕುಳಿಯುತ್ತವೆ, ಬಿಸಿಲೇರಿದಂತೆ ಸಾವು ನಿಲ್ಲುತ್ತದೆ. ಕೀಟನಾಶಕವಾದರೆ ಸಾವಿಗೆ ಹೊತ್ತಿನ ಹಂಗಿಲ್ಲ. ಚಿಕ್ಕದು ದೊಡ್ಡದು ಎನ್ನದೆ ಮೀನೂ ನೀರುಕೀಟವೂ ಸಾಯುತ್ತವೆ, ಮೀನು ಸಾಯುವ ಮುನ್ನ ಗಿರಕಿ ಹೊಡೆದು ಒದ್ದಾಡುತ್ತದೆ. ರೋಗವಾದರೆ ಸಾಮಾನ್ಯವಾಗಿ ದಿನಕ್ಕಿಷ್ಟರಂತೆ ಸಾಯುತ್ತವೆ, ಮೈಮೇಲೆ ಹುಣ್ಣು, ಕೆಂಪು ಕಲೆ ಕಾಣುತ್ತವೆ. ವಿಷದ ಕುರುಹು ಕಂಡರೆ ಸ್ವಚ್ಛ ಗಾಜಿನ ಬಾಟಲಿಯಲ್ಲಿ ನೀರನ್ನೂ ಆಗಷ್ಟೇ ಸತ್ತ ಮೀನನ್ನೂ ಮಂಜುಗಡ್ಡೆಯಲ್ಲಿಟ್ಟು ಬೇಗ ಪರೀಕ್ಷೆಗೆ ಒಪ್ಪಿಸಿ. ಕಾರಣ ಗೊತ್ತಾಗದ ಮೀನನ್ನು ತಿನ್ನಬೇಡಿ, ಮಾರಬೇಡಿ.

ಮೀನು ಬಾಯಿ ತೆರೆದು ಮೇಲೆ ಬಂದದ್ದು ಕಂಡರೆ ತಡಮಾಡದೆ ಪಂಪ್ ಹಾಕಿ ಹೊಂಡದ ಮೇಲ್ಭಾಗದ ನೀರನ್ನೇ ಎತ್ತರದಿಂದ ಚಿಮ್ಮಿಸಿ. ಕೊಳವೆಬಾವಿ ನೀರು ಬಿಡುವುದಾದರೂ ಹಾಗೇ ಚಿಮ್ಮಿಸಿ ಬಿಡಬೇಕು, ಏಕೆಂದರೆ ಅದರಲ್ಲೂ ಆಮ್ಲಜನಕ ಕಡಿಮೆ. ಆಹಾರ, ಗೊಬ್ಬರ ನಿಲ್ಲಿಸಿ. ಸುಣ್ಣ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂಬ ಸಲಹೆಯನ್ನು ಪಿಎಚ್ ನೋಡದೆ ಒಪ್ಪಬೇಡಿ. ದಟ್ಟ ಹಸಿರು ನೀರಿನ ಪಿಎಚ್ ಮಧ್ಯಾಹ್ನಕ್ಕೆ 9 ದಾಟುವುದುಂಟು. ಅದನ್ನು ಇನ್ನೂ ಏರಿಸಿದರೆ ನೀರಿನಲ್ಲಿರುವ ಅಮೋನಿಯಾ ಹೆಚ್ಚು ವಿಷಕಾರಿಯಾಗುತ್ತದೆ. ಕಳೆನಾಶಕ ಹೊಡೆದು ನೀರುಗಿಡಗಳನ್ನೆಲ್ಲ ಒಮ್ಮೆಲೇ ಕೊಂದರೂ ಅವು ಕೊಳೆತು ಉಳಿದ ಆಮ್ಲಜನಕವನ್ನೂ ತಿನ್ನುತ್ತವೆ. ಕೈಯಿಂದ, ಸ್ವಲ್ಪ ಸ್ವಲ್ಪವಾಗಿ ಕಿತ್ತು ದಡದಾಚೆ ಹಾಕುವುದೇ ಕ್ಷೇಮ.

ಪಂಪಿನ ಖರ್ಚು ಯಾರು ಭರಿಸುತ್ತಾರೆ ಎಂಬ ಆಕ್ಷೇಪ ನ್ಯಾಯವಾದುದೇ. ಆದರೆ ಪಂಪ್ ಬೇಕಾಗುವುದು ಮೋಡ ಕವಿದ, ಗಾಳಿಯಾಡದ ದಿನಗಳ ನಸುಕಿನ ಕೆಲವೇ ಗಂಟೆ. ಆ ಅಗತ್ಯವನ್ನೂ ತಗ್ಗಿಸಬಹುದು. ಬಿಸಿಲಿನಲ್ಲಿ ಮೊಣಕೈವರೆಗೆ ಕೈ ಇಳಿಬಿಟ್ಟು ನೋಡಿ. ಮೊಣಕೈ ಮುಳುಗುವ ಮೊದಲೇ ಅಂಗೈ ಕಾಣದಷ್ಟು ನೀರು ಹಸಿರಾಗಿದ್ದರೆ ಗೊಬ್ಬರ ನಿಲ್ಲಿಸಿ, ಹಿಂಡಿ ಕಡಿಮೆ ಮಾಡಿ. ಹೊಂಡ ತಾಳುವಷ್ಟೇ ಮರಿ ಬಿಡಿ. ಸಂಖ್ಯೆಯನ್ನು ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಅಥವಾ ಹಾಸನದ ಕಂದಲಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ತೀರ್ಮಾನಿಸಿ. ಇಷ್ಟು ಎಚ್ಚರ ವಹಿಸಿದರೆ ಕಾವಲಿನಿಂದಲೂ ಔಷಧಿಯಿಂದಲೂ ತಡೆಯಲಾಗದ ನಷ್ಟದ ದೊಡ್ಡ ಪಾಲನ್ನು ರೈತರೇ ತಡೆಯಬಹುದು.