ಫೀಸು ಕಟ್ಟುವ ಮೊದಲು ಆರ್‌ಸಿಐ ಅನುಮತಿ ಪತ್ರ ಕೇಳಿ

ಗುಂಡ್ಲುಪೇಟೆ ಕಡೆಯ ರೈತರೊಬ್ಬರು ಮಗಳನ್ನು ಕರೆದುಕೊಂಡು ಚಾಮರಾಜನಗರದ ನನ್ನ ಆಫೀಸಿಗೆ ಬಂದಾಗ ಅವರ ಕೈಚೀಲದಲ್ಲಿ ಎರಡು ಕಾಗದಗಳಿದ್ದವು. ಒಂದು, ಚಿನ್ನದ ಬಣ್ಣದ ಮುದ್ರೆಯ ‘ಕ್ಲಿನಿಕಲ್ ಸೈಕಾಲಜಿ ಡಿಪ್ಲೊಮಾ’. ಇನ್ನೊಂದು, ಯಾವುದೋ ಟ್ರಸ್ಟಿನ ಹೆಸರಿನ ರಸೀದಿ. ಅದರಲ್ಲಿ ಫೀಸು ಎಂಬ ಮಾತೇ ಇಲ್ಲ, ‘ದೇಣಿಗೆ’ ಎಂದು ಬರೆದಿತ್ತು. ಅರಿಶಿನ ಮಾರಿದ ದುಡ್ಡು. ಹುಡುಗಿ ಕೆಲಸಕ್ಕೆ ಅರ್ಜಿ ಹಾಕಿದ ಕಡೆ ಕೇಳಿದ್ದು ಒಂದೇ ಪ್ರಶ್ನೆ: ಆರ್‌ಸಿಐ ನೋಂದಣಿ ಸಂಖ್ಯೆ ಎಲ್ಲಿ? ಅದು ಇರಲಿಲ್ಲ. ಆ ಡಿಪ್ಲೊಮಾದಿಂದ ಎಂದಿಗೂ ಸಿಗುವುದೂ ಇಲ್ಲ.

ನಮ್ಮ ದೇಶದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಕ್ಕೆ ಪದವಿ ಸಾಲದು. 1992ರ ಭಾರತೀಯ ಪುನರ್ವಸತಿ ಪರಿಷತ್ತು ಕಾಯ್ದೆಯ ಪ್ರಕಾರ ದೆಹಲಿಯ ಆ ಪರಿಷತ್ತಿನ, ಅಂದರೆ ಆರ್‌ಸಿಐನ, ಕೇಂದ್ರ ರಿಜಿಸ್ಟರಿನಲ್ಲಿ ಹೆಸರು ಇರಬೇಕು. ನೋಂದಣಿ ಇಲ್ಲದೆ ಆ ವೃತ್ತಿ ನಡೆಸಿದರೆ 13ನೇ ಕಲಮಿನಡಿ ಒಂದು ವರ್ಷದವರೆಗೆ ಜೈಲು, ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಆರ್‌ಸಿಐ ಒಪ್ಪಿದ ವಿದ್ಯಾರ್ಹತೆಯನ್ನೇ ಕೇಳುತ್ತದೆ. ಇಷ್ಟು ದಿನ ನಡೆದುಬಂದ ದಾರಿ ಎಂದರೆ ಸೈಕಾಲಜಿ ಎಂಎ ಅಥವಾ ಎಂಎಸ್ಸಿ, ಅದರ ಮೇಲೆ ಆಸ್ಪತ್ರೆಯ ತರಬೇತಿಯೂ ಸೇರಿದ ಎರಡು ವರ್ಷದ ಪೂರ್ಣಾವಧಿ ಎಂಫಿಲ್. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆ ಹೆಸರುವಾಸಿ.

ಆ ದಾರಿಯೂ ಈಗ ಬದಲಾಗುತ್ತಿದೆ. ಎಂಫಿಲ್ ಪದವಿಯನ್ನೇ ನಿಲ್ಲಿಸಿದ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ), ಕ್ಲಿನಿಕಲ್ ಸೈಕಾಲಜಿಗೆ 2025-26ರ ಪ್ರವೇಶದವರೆಗೆ ಅವಕಾಶ ಕೊಟ್ಟಿತ್ತು. ಅದರ ನಂತರದ ಸಾಲಿಗೆ ‘ಎಂಫಿಲ್ ಸೀಟಿದೆ’ ಎನ್ನುವವರು ಯುಜಿಸಿಯ ಲಿಖಿತ ಆದೇಶ ತೋರಿಸಲಿ. ಇನ್ನು ಅಂಚೆ ಶಿಕ್ಷಣ: 2025ರ ಜುಲೈ-ಆಗಸ್ಟ್ ಸಾಲಿನಿಂದ ಸೈಕಾಲಜಿಯನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ಕಲಿಸಕೂಡದು ಎಂದು ಯುಜಿಸಿ ಹೇಳಿದೆ. ಇದು ಗೊತ್ತಿದ್ದೂ ಸೀಟು ಮಾರುವವರಿದ್ದಾರೆ.

ಹೆಚ್ಚಿನವರು ಬೀಳುವ ಹಳ್ಳ ಒಂದೇ. ‘ನಮ್ಮದು ಯುಜಿಸಿ ಮಾನ್ಯತೆ ಪಡೆದ ವಿಶ್ವವಿದ್ಯಾಲಯ’ ಎಂದು ಏಜೆಂಟ್ ಹೇಳುತ್ತಾನೆ. ಅದು ನಿಜವೂ ಇರಬಹುದು. ಆದರೆ ಆರ್‌ಸಿಐ ಅನುಮತಿ ಕೊಡುವುದು ಇಂಥ ಕಾಲೇಜಿನ ಇಂಥ ಕೋರ್ಸಿಗೆ, ಇಂತಿಷ್ಟು ಸೀಟಿಗೆ, ಇಂತಿಷ್ಟು ವರ್ಷಕ್ಕೆ. ಹೋದ ವರ್ಷ ಇದ್ದ ಅನುಮತಿ ಈ ವರ್ಷ ಇಲ್ಲದಿರಬಹುದು. ‘ಅನುಮತಿಗೆ ಅರ್ಜಿ ಹಾಕಿದ್ದೇವೆ, ಬಂದೇ ಬರುತ್ತದೆ’ ಎಂದರೆ ಅನುಮತಿ ಇಲ್ಲ ಎಂದೇ ಅರ್ಥ. ಒಂದು ರೂಪಾಯಿ ಕೊಡುವ ಮೊದಲು ಆರ್‌ಸಿಐ ವೆಬ್‌ಸೈಟಿನ ಪಟ್ಟಿಯಲ್ಲಿ ಕಾಲೇಜಿನ ಹೆಸರು, ಕೋರ್ಸು, ಅವಧಿ ಮೂರನ್ನೂ ನೋಡಿ. ಅಲ್ಲಿ ಅರ್ಥವಾಗದಿದ್ದರೆ ಹತ್ತು ರೂಪಾಯಿ ಶುಲ್ಕದಲ್ಲಿ ಆರ್‌ಸಿಐಗೇ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 30 ದಿನದೊಳಗೆ ಅವರು ಉತ್ತರ ಕೊಡಬೇಕು. ಅರ್ಜಿ ಬರೆಯುವುದಕ್ಕೇ ನೂರಾರು ರೂಪಾಯಿ ಕೀಳುವವರ ಹತ್ತಿರ ಹೋಗಬೇಡಿ. ಬಿಳಿ ಹಾಳೆಯಲ್ಲಿ ನೀವೇ ಬರೆದರೆ ಸಾಕು.

ಹಾಗೆಂದು ಬರೀ ಎಂಎ ಮಾಡಿದವರು ಹೆದರಬೇಕಿಲ್ಲ. ಶಾಲೆಯಲ್ಲೋ ಸಂಸ್ಥೆಯಲ್ಲೋ ಕೌನ್ಸೆಲರ್ ಆಗಿ ದುಡಿಯುವುದನ್ನು 1992ರ ಈ ಕಾಯ್ದೆ ತಡೆಯುವುದಿಲ್ಲ. ಆದರೆ ಬೋರ್ಡಿನ ಮೇಲೆ ‘ಕ್ಲಿನಿಕಲ್’ ಎಂದು ಬರೆಸಬೇಡಿ. ಸೈಕಾಲಜಿಸ್ಟರನ್ನು ಪಟ್ಟಿಗೆ ಸೇರಿಸಿರುವ 2021ರ ಇನ್ನೊಂದು ಕೇಂದ್ರ ಕಾಯ್ದೆಯೂ ಇದೆ. ಸಂಬಂಧಪಟ್ಟ ಆರೋಗ್ಯ ವೃತ್ತಿಗಳ ಆ ಕಾಯ್ದೆಯಡಿ ನೋಂದಣಿಯ ಪ್ರಕಟಣೆ ಬಂದರೆ ಅಲಕ್ಷ್ಯ ಮಾಡಬೇಡಿ.

ತಂದೆತಾಯಿಗಳಿಗೂ ಒಂದು ಮಾತು. ಮಗುವಿನ ಐಕ್ಯೂ ಪರೀಕ್ಷೆ ಮಾಡಿಸುವಾಗ ವರದಿ ಬರೆಯುವವರ ಆರ್‌ಸಿಐ ಸಂಖ್ಯೆ ಮೊದಲೇ ಕೇಳಿ. ಸಂಖ್ಯೆ ಇಲ್ಲದ ವರದಿ ಹಿಡಿದು ಅಂಗವಿಕಲರ ಪ್ರಮಾಣಪತ್ರಕ್ಕೆ ಹೋದವರು ಬರಿಗೈಯಲ್ಲಿ ವಾಪಸು ಬಂದದ್ದನ್ನು ನೋಡಿದ್ದೇನೆ. ಇದನ್ನು ಮೊದಲೇ ತಿಳಿಸುವ ಒಂದು ಚೀಟಿಯನ್ನು ಕಚೇರಿಯ ಗೋಡೆಗೆ ಅಂಟಿಸಲು ಅಧಿಕಾರಿಗಳಿಗೆ ಏನು ಕಷ್ಟವೋ ನಾನರಿಯೆ.

ದುಡ್ಡು ಈಗಾಗಲೇ ಹೋಗಿದೆಯೇ? ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಿ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ‘ಶಿಕ್ಷಣ ಸೇವೆಯಲ್ಲ’ ಎಂದು ಕಾಲೇಜಿನವರು ವಾದಿಸುತ್ತಾರೆ, ಆ ವಾದ ಎಷ್ಟೋ ಸಲ ಗೆದ್ದೂ ಇದೆ. ಆದರೆ ಇಲ್ಲದ ಮಾನ್ಯತೆಯನ್ನು ಇದೆ ಎಂದು ಜಾಹೀರಾತು ಕೊಟ್ಟ ಬೌದ್ಧ ಮಿಷನ್ ದಂತವೈದ್ಯ ಕಾಲೇಜಿನ ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಪರ ನಿಂತಿತು. ಏಜೆಂಟನ ಮೇಲೆ ವಂಚನೆಯ ದೂರನ್ನು ಠಾಣೆಯಲ್ಲೂ ಕೊಡಬಹುದು. ‘ಇದು ಸಿವಿಲ್ ವಿಷಯ’ ಎಂದು ಸಾಗಹಾಕಿದರೆ ಅದೇ ದೂರನ್ನು ಜಿಲ್ಲಾ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ.

ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಪಡೆಯಬಹುದು. ಸಹಾಯವಾಣಿ 15100. ಗ್ರಾಹಕ ಆಯೋಗಕ್ಕೆ ಹೋಗಲು ಇರುವ ಗಡುವು ಎರಡು ವರ್ಷ. ರಸೀದಿ, ವಾಟ್ಸ್ಆ್ಯಪ್ ಸಂದೇಶ, ಬ್ಯಾಂಕ್ ಚಲನ್ ಯಾವುದನ್ನೂ ಅಳಿಸದೆ ಈ ವಾರವೇ ಹೊರಡಿ.